ಅಜ್ಜಿಗೆ ಬರೆದ ಸಬ್‌ಟೈಟಲ್ ಊರಿಗೆಲ್ಲ ಹಂಚಬಹುದೇ?

ಪ್ರಶ್ನೆ: ಅಜ್ಜಿಗಾಗಿ ಕೊರಿಯನ್ ಧಾರಾವಾಹಿಯೊಂದಕ್ಕೆ ನಾನೇ ಕನ್ನಡ ಸಬ್‌ಟೈಟಲ್ ಬರೆದೆ. ಎಲ್ಲರಿಗೂ ಹಂಚಬಹುದೇ?
– ಓದುಗರು, ಮಲ್ಲೇಶ್ವರಂ

ಉತ್ತರ: ಅಜ್ಜಿಗೆ ಧಾರಾಳವಾಗಿ ತೋರಿಸಿ; ಸ್ವಂತ ಬಳಕೆಗೆ ಕಾಯ್ದೆಯಲ್ಲೇ ವಿನಾಯಿತಿಯಿದೆ. ಹಂಚುವುದು ಬೇರೆ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಮಿನಂತೆ ಅನುವಾದದ ಹಕ್ಕು ಮೂಲ ಕೃತಿಯ ಒಡೆಯರದು, ನೀವು ಕಾಸು ಪಡೆಯದಿದ್ದರೂ.

ಕನ್ನಡದಲ್ಲೇ ನೋಡಬೇಕೆಂಬ ನಿಮ್ಮ ಹಸಿವು ಮಾತ್ರ ನ್ಯಾಯವಾದದ್ದು. ದಶಕಗಳ ಕಾಲ ಡಬ್ಬಿಂಗಿಗೆ ತಡೆಯೊಡ್ಡಿದ ನಾಡು ನಮ್ಮದು. 2012ರಲ್ಲಿ ಹಿಂದಿಯ ಟಿವಿ ಕಾರ್ಯಕ್ರಮ ‘ಸತ್ಯಮೇವ ಜಯತೆ’ಯೂ ಕನ್ನಡದಲ್ಲಿ ಪ್ರಸಾರವಾಗಲಿಲ್ಲ, 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆದ ಚಿತ್ರೋದ್ಯಮದ ಸಂಘಗಳಿಗೆ ದಂಡ ಹಾಕಿದ ಮೇಲಷ್ಟೇ ಬಾಗಿಲು ಸಡಿಲವಾಯಿತು.

ಅಭಿಮಾನಿಯ ಶ್ರಮವೂ ಸಣ್ಣದಲ್ಲ. ನಾಯಕಿ ಪ್ರಿಯಕರನನ್ನು ‘ಒಪ್ಪಾ’ ಎನ್ನುತ್ತಾಳೆ. ಪದಶಃ ‘ಅಣ್ಣ’ ಎಂದು ಬರೆದರೆ ಅಜ್ಜಿ ಬೆಚ್ಚುತ್ತಾರೆ, ‘ರೀ’ ಎಂದರೆ ಮದುವೆಯಾಗಿದೆ ಅಂದುಕೊಳ್ಳುತ್ತಾರೆ. ಇಂಥದ್ದನ್ನು ಬಿಡಿಸಬಲ್ಲವರು ನೀವೇ. ನಿಮ್ಮ ಒಂದು ಕಂತನ್ನು ಹಕ್ಕುದಾರರಿಗೆ ಕಳಿಸಿ, ಒಪ್ಪಿಗೆ ಕೇಳಿ.