ಲ್ಯಾಪ್‌ಟಾಪಿಗೊಂದು ಒಳಬೀಗ

2006ನೆಯ ಇಸವಿ ಮೇ ತಿಂಗಳ 3ನೆಯ ದಿನ ಅಮೆರಿಕದ ಮೇರಿಲೆಂಡ್ ಪ್ರಾಂತದ ಒಂದು ಮನೆಯಲ್ಲಿ ಕಳ್ಳತನವಾಯಿತು. ಆ ಮನೆಯವನು ನಿವೃತ್ತ ಸೈನಿಕರ ಯೋಗಕ್ಷೇಮವನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆಯ ನೌಕರ. ಕಳುವಾದ ವಸ್ತುಗಳಲ್ಲಿ ಒಂದು ಲ್ಯಾಪ್‌ಟಾಪೂ ಅದಕ್ಕೆ ಜೋಡಿಸುವ ಒಂದು ಹೊರ ಡಿಸ್ಕೂ ಇದ್ದುವು. ಅವುಗಳ ಬೆಲೆ ಎಷ್ಟು ತಾನೆ ಆದೀತು? ಆದರೆ ಅವುಗಳೊಳಗೆ ಸುಮಾರು 2 ಕೋಟಿ 65 ಲಕ್ಷ ಜನರ ಹೆಸರು, ಹುಟ್ಟಿದ ದಿನ, ಗುರುತಿನ ಸಂಖ್ಯೆ ಮೊದಲಾದ ವಿವರಗಳು ತೆರೆದಿಟ್ಟ ಪುಸ್ತಕದಂತೆ ಬಿದ್ದಿದ್ದುವು. ಜೂನ್ ಕೊನೆಯಲ್ಲಿ ಎರಡೂ ಮರಳಿ ದೊರೆತುವು. ವಿವರಗಳನ್ನು ಯಾರೂ ಓದಿದಂತೆ ತೋರುವುದಿಲ್ಲವೆಂದು ಪರೀಕ್ಷಿಸಿದ ತಜ್ಞರು ತಿಳಿಸಿದರು. ಆದರೂ ಈ ಸಂಬಂಧದ ಮೊಕದ್ದಮೆಯನ್ನು ತೀರಿಸಿಕೊಳ್ಳಲು ಇಲಾಖೆಯು 2009ರಲ್ಲಿ 2 ಕೋಟಿ ಡಾಲರುಗಳನ್ನು ಕೊಡಲು ಒಪ್ಪಬೇಕಾಯಿತು.

ನಮ್ಮ ಲ್ಯಾಪ್‌ಟಾಪಿನಲ್ಲಿ ಕೋಟ್ಯಂತರ ಜನರ ವಿವರವಿಲ್ಲ, ನಿಜ. ಆದರೆ ಅಂಕಪಟ್ಟಿ, ಆಧಾರ್ ಚೀಟಿಯ ಪ್ರತಿ, ತಂದೆತಾಯಿಗಳ ಬ್ಯಾಂಕಿನ ಕಾಗದಗಳು, ಗೆಳೆಯರ ಚಿತ್ರಗಳು, ವರುಷವೆಲ್ಲ ದುಡಿದು ಸಿದ್ಧಪಡಿಸಿದ ಪ್ರಬಂಧ ಇವೆಲ್ಲ ಅದರಲ್ಲಿಯೇ ಉಂಟು. ಬಸ್ಸಿನಲ್ಲಿ ಚೀಲವನ್ನು ಮರೆತು ಇಳಿದರೆ ಇವುಗಳ ಗತಿಯೇನು?

ಕಾವಲುಗಾರನೂ ಪೆಟ್ಟಿಗೆಯೂ

"ನಮ್ಮ ಯಂತ್ರಕ್ಕೆ ಪಾಸ್‌ವರ್ಡ್ ಇದೆಯಲ್ಲ" ಎಂದು ವಾಚಕರು ಹೇಳಬಹುದು. ಬಹು ಜನರು ತಪ್ಪುವುದು ಇಲ್ಲಿಯೇ. ಯಂತ್ರವನ್ನು ತೆರೆಯುವಾಗ ಕೇಳುವ ಪಾಸ್‌ವರ್ಡ್ ಬಾಗಿಲಲ್ಲಿ ನಿಂತ ಕಾವಲುಗಾರನಂತೆ. ಆ ಬಾಗಿಲಿನಿಂದ ಬರುವವರನ್ನು ಮಾತ್ರ ಅವನು ತಡೆಯಬಲ್ಲನು. ಕಳ್ಳನು ನಾಲ್ಕು ತಿರುಪುಗಳನ್ನು ಬಿಚ್ಚಿ, ಡಿಸ್ಕನ್ನು ಹೊರತೆಗೆದು, ಬೇರೊಂದು ಕಂಪ್ಯೂಟರಿಗೆ ಜೋಡಿಸಿದನೆಂದರೆ ಕಾವಲುಗಾರನು ಹಿಂದೆಯೇ ಉಳಿದನು. ಪೆಟ್ಟಿಗೆಯಾದರೋ ಕಳ್ಳನ ಕೈಸೇರಿತು. ಪೆಟ್ಟಿಗೆಗೆ ಬೀಗವೇ ಇಲ್ಲ.

ಆ ಬೀಗವೇ ಎನ್‌ಕ್ರಿಪ್ಷನ್. ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸಿಡುವುದು. ಗುಟ್ಟಿನ ಕಡತಗಳನ್ನಷ್ಟೇ ಹೀಗೆ ಮುಚ್ಚಿಟ್ಟರೆ ಸಾಲದೆ? ಸಾಲದು. ನಾವು ಒಂದು ಕಡತವನ್ನು ತೆರೆದು ತಿದ್ದುವಾಗ ಯಂತ್ರವು ನಮಗೆ ತಿಳಿಯದಂತೆಯೇ ಅದರ ತಾತ್ಕಾಲಿಕ ಪ್ರತಿಗಳನ್ನು ಡಿಸ್ಕಿನ ಬೇರೆ ಮೂಲೆಗಳಲ್ಲಿ ಬರೆದಿಡುವುದುಂಟು. ಅಳಿಸಿದ ಕಡತವೂ ಕೂಡಲೆ ಅಳಿಯುವುದಿಲ್ಲ. ಅದರ ಹೆಸರು ಮಾತ್ರ ಪಟ್ಟಿಯಿಂದ ಹೋಗುವುದು. ಆದುದರಿಂದ ಇಡೀ ಡಿಸ್ಕನ್ನೇ ಮುಚ್ಚುವುದು ಲೇಸು.

ಹದಿನಾರು ಬೈಟುಗಳ ಚೌಕ

ಇಂದು ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ವಿಧಾನದ ಹೆಸರು ಎಇಎಸ್. ಬೆಲ್ಜಿಯಂ ದೇಶದ ಯೋಆನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ಎಂಬ ವಿದ್ವಾಂಸರು ಇದನ್ನು ರಚಿಸಿದರು. ಅಮೆರಿಕದ ಮಾನಕ ಸಂಸ್ಥೆಯು ನಡೆಸಿದ ಬಹಿರಂಗ ಸ್ಪರ್ಧೆಯಲ್ಲಿ ಗೆದ್ದು, 2001ರಲ್ಲಿ ಇದು ಅಧಿಕೃತ ಮಾನಕವಾಯಿತು.

ಇದರ ಕ್ರಮ ಹೀಗೆ: ಮಾಹಿತಿಯಿಂದ ಒಂದು ಸಲಕ್ಕೆ 16 ಬೈಟುಗಳನ್ನು ತೆಗೆದುಕೊಂಡು, ಸಾಲಿಗೆ ನಾಲ್ಕರಂತೆ ಚೌಕವಾಗಿ ಜೋಡಿಸುವುದು. ಪ್ರತಿಯೊಂದು ಬೈಟಿನ ಸ್ಥಾನದಲ್ಲಿ ಗೊತ್ತಾದ ಕೋಷ್ಟಕದಂತೆ ಬೇರೊಂದನ್ನು ಇಡುವುದು, ಸಾಲುಗಳನ್ನು ಪಕ್ಕಕ್ಕೆ ಸರಿಸುವುದು, ಕಂಬಗಳನ್ನು ಕಲಸುವುದು, ಕೊನೆಗೆ ಕೀಲಿಕೈಯ ಒಂದು ಭಾಗವನ್ನು ಅದರಲ್ಲಿ ಬೆರಸುವುದು. ಇಂಥ ಸುತ್ತುಗಳು 128 ಬಿಟ್ಟಿನ ಕೀಲಿಕೈಗೆ 10, 256 ಬಿಟ್ಟಿನದಕ್ಕೆ 14. ಸುತ್ತುಗಳೆಲ್ಲ ಮುಗಿದ ಬಳಿಕ ಮೂಲದ ಜಾಡೇ ಉಳಿಯುವುದಿಲ್ಲ. ಮೂಲದಲ್ಲಿ ಒಂದೇ ಒಂದು ಬಿಟ್ಟನ್ನು ಬದಲಿಸಿದರೂ ಫಲಿತದ ಸುಮಾರು ಅರ್ಧದಷ್ಟು ಬಿಟ್ಟುಗಳು ಬದಲಾಗುವುವು. ಡಿಸ್ಕಿನಲ್ಲಿ ಆಯಾ ತುಣುಕಿನ ಸ್ಥಾನಸಂಖ್ಯೆಯನ್ನೂ ಬೆರಸುವುದರಿಂದ, ಎರಡು ಕಡೆ ಇರುವ ಒಂದೇ ಬಗೆಯ ಮಾತು ಗೂಢಲಿಪಿಯಲ್ಲಿ ಎರಡು ಬಗೆಯಾಗಿ ಕಾಣುವುದು.

ಸೋಜಿಗವೆಂದರೆ, ಈ ಕ್ರಮದಲ್ಲಿ ಗುಟ್ಟೇನೂ ಇಲ್ಲ. ಯಾರು ಬೇಕಾದರೂ ಓದಬಹುದು. ಗೂಢಲಿಪಿಯ ವಿಧಾನವು ಶತ್ರುವಿಗೆ ತಿಳಿದರೂ ಅಪಾಯವಾಗಬಾರದೆಂದು ಕೆರ್ಕ್‌ಹಾಫ್ಸ್ ಎಂಬ ಡಚ್ ಮೂಲದ ಪಂಡಿತನು 1883ರಲ್ಲಿಯೇ ಸಾರಿದ್ದನು. ಗುಟ್ಟಾಗಿರಬೇಕಾದುದು ಕೀಲಿಕೈ ಒಂದೇ. 128 ಬಿಟ್ಟಿನ ಕೀಲಿಕೈಗಳು ಒಟ್ಟು ಎಷ್ಟು? ಆ ಸಂಖ್ಯೆಯಲ್ಲಿ 39 ಅಂಕೆಗಳುಂಟು. ಸೆಕೆಂಡಿಗೆ ಲಕ್ಷ ಕೋಟಿಯಂತೆ ಪರೀಕ್ಷಿಸುತ್ತ ಹೋದರೂ, ಎಲ್ಲವನ್ನೂ ಮುಗಿಸಲು ವಿಶ್ವದ ಈವರೆಗಿನ ವಯಸ್ಸಿನ ಸುಮಾರು 78 ಕೋಟಿ ಪಟ್ಟು ಕಾಲ ಬೇಕು!

ಕೀಲಿಕೈಗೊಂದು ಕೀಲಿಕೈ

ಇಷ್ಟು ದೊಡ್ಡ ಸಂಖ್ಯೆಯನ್ನು ಮನುಷ್ಯನು ನೆನಪಿಡುವುದೆಂತು? ಅದಕ್ಕೊಂದು ಉಪಾಯವಿದೆ. ಡಿಸ್ಕನ್ನು ಮುಚ್ಚುವ ದೊಡ್ಡ ಕೀಲಿಕೈಯನ್ನು ಯಂತ್ರವೇ ಹುಟ್ಟಿಸಿ, ಅದನ್ನು ಒಂದು ಸಣ್ಣ ಸಂಪುಟದಲ್ಲಿ ಭದ್ರಪಡಿಸುವುದು. ಲಿನಕ್ಸ್ ವ್ಯವಸ್ಥೆಯಲ್ಲಿ ಈ ಸಂಪುಟವು ಸಾಮಾನ್ಯವಾಗಿ ಡಿಸ್ಕಿನ ತಲೆಭಾಗದಲ್ಲಿರುವುದು; ನಾವು ಬರೆಯುವ ಗುಪ್ತಪದವೇ ಅದನ್ನು ತೆರೆಯುವುದು. ಗುಪ್ತಪದವನ್ನು ಬದಲಿಸಬೇಕಾದರೆ ಸಂಪುಟದ ಬೀಗವನ್ನು ಬದಲಿಸಿದರೆ ಸಾಕು. ಇಡೀ ಡಿಸ್ಕನ್ನು ಮತ್ತೆ ಬರೆಯಬೇಕಾದುದಿಲ್ಲ. ವಿಂಡೋಸ್ ಯಂತ್ರಗಳಲ್ಲಿ ಹೆಚ್ಚಾಗಿ ಒಂದು ಚಿಪ್ಪು ಈ ಕಾವಲನ್ನು ವಹಿಸಿಕೊಂಡಿರುವುದು.

ಕಳ್ಳನು ದೊಡ್ಡ ಕೀಲಿಕೈಯನ್ನು ಊಹಿಸಲು ಹೋಗುವುದಿಲ್ಲ. ನಮ್ಮ ಗುಪ್ತಪದವನ್ನು ಊಹಿಸಲು ನೋಡುವನು. ಆದುದರಿಂದ ಸಂಪುಟವನ್ನು ತೆರೆಯುವ ಲೆಕ್ಕವನ್ನು ಬೇಕೆಂದೇ ನಿಧಾನವಾಗಿರುವಂತೆ ರಚಿಸಿರುತ್ತಾರೆ. ಸೆಕೆಂಡಿಗೆ ಒಂದು ಪ್ರಯತ್ನವೆಂದು ಇಟ್ಟುಕೊಳ್ಳೋಣ. ಆರು ಅಂಕೆಗಳ ಗುಪ್ತಸಂಖ್ಯೆಯಾದರೆ ಹತ್ತು ಲಕ್ಷ ಪ್ರಯತ್ನಗಳು; 12 ದಿನಗಳೊಳಗೆ ಎಲ್ಲವೂ ಮುಗಿದುವು. ಇದಕ್ಕೆ ಪ್ರತಿಯಾಗಿ 7776 ಪದಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಒಂದು ಪದಕ್ಕೆ ಐದು ಬಾರಿಯಂತೆ ದಾಳವನ್ನು ಉರುಳಿಸಿ, ಆರು ಪದಗಳನ್ನು ಆರಿಸಿರೆಂದರೆ, ಒಂದು ಕೋಟಿ ಯಂತ್ರಗಳು ಒಟ್ಟಿಗೆ ದುಡಿದರೂ ಎಲ್ಲ ಜೋಡಣೆಗಳನ್ನು ನೋಡಲು ಸುಮಾರು 70 ಕೋಟಿ ವರ್ಷಗಳು ಬೇಕು. ಪದಗಳನ್ನು ಆರಿಸುವುದು ದಾಳವೇ ಆಗಿರಬೇಕು. ಗಾದೆಯನ್ನೋ ಹಾಡಿನ ಸಾಲನ್ನೋ ಇಟ್ಟರೆ ಅದು ಕಳ್ಳನಿಗೂ ತಿಳಿದದ್ದೇ.

ಮಾಡಬೇಕಾದುದೇನು?

ಮೊದಲ ಕೆಲಸ ಬೀಗ ಹಾಕುವುದಲ್ಲ, ಪ್ರತಿ ತೆಗೆಯುವುದು. ಮುಖ್ಯವಾದುದೆಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ನಕಲು ತೆರೆಯುವುದೇ ಎಂದು ನೋಡಿರಿ. ಗೂಢಲಿಪಿಗೆ ತಿರುಗುತ್ತಿರುವಾಗ ಯಂತ್ರ ಕೆಟ್ಟರೆ ಈ ಪ್ರತಿಯೇ ಗತಿ. ಬಳಿಕ ಚಾರ್ಜರನ್ನು ಜೋಡಿಸಿಯೇ ಕೆಲಸಕ್ಕೆ ತೊಡಗಿರಿ. ವಿಂಡೋಸ್‌ನಲ್ಲಿ ಇದರ ಹೆಸರು ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ಲಿನಕ್ಸ್‌ನಲ್ಲಿ ಲಕ್ಸ್, ಇದನ್ನು ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವಾಗಲೇ ಆರಿಸಿಕೊಳ್ಳುವುದು ಸುಲಭ. ಹಿಂದಿನಿಂದ ಬಳಸುತ್ತಿರುವ ಡಿಸ್ಕಾದರೆ, ಬಿಟ್‌ಲಾಕರ್ ಕೇಳಿದಾಗ ಬಳಸಿದ ಭಾಗವನ್ನಷ್ಟೇ ಅಲ್ಲದೆ ಇಡೀ ಡಿಸ್ಕನ್ನು ಮುಚ್ಚಲು ಹೇಳಿರಿ. ಎಇಎಸ್ ಲೆಕ್ಕಕ್ಕೆಂದೇ ಇರುವ ಆಜ್ಞೆಗಳು ಇಂದಿನ ಬಹುತೇಕ ಪ್ರೊಸೆಸರುಗಳಲ್ಲಿರುವುದರಿಂದ ಯಂತ್ರವು ನಿಧಾನವಾಯಿತೆಂದು ಅನ್ನಿಸಲಾರದು.

ಇನ್ನು ಎಲ್ಲಕ್ಕೂ ಮಿಗಿಲಾದ ಮಾತು. ಬೀಗ ಹಾಕುವಾಗ ಯಂತ್ರವು ಆಪತ್ಕಾಲದ ಕೀಲಿಕೈಯೊಂದನ್ನು ಕೊಡುವುದುಂಟು. ಬಿಟ್‌ಲಾಕರ್‌ನಲ್ಲಿ ಅದು 48 ಅಂಕೆಗಳ ಸಂಖ್ಯೆ. ಯಂತ್ರದ ಮುಖ್ಯ ಫಲಕವನ್ನು ರಿಪೇರಿಯಲ್ಲಿ ಬದಲಿಸಿದರೆ ಚಿಪ್ಪು ನಿಮ್ಮನ್ನು ಗುರುತಿಸದು. ಆಗ ಈ ಸಂಖ್ಯೆಯನ್ನೇ ಕೇಳುವುದು. ಇದನ್ನು ಕಾಗದದಲ್ಲಿ ಬರೆದು ಮನೆಯ ಬೀರುವಿನಲ್ಲಿ ಇಡಿರಿ. ಲ್ಯಾಪ್‌ಟಾಪಿನ ಚೀಲದಲ್ಲಿ ಬೇಡ. ಆ ಡಿಸ್ಕಿನಲ್ಲಿಯಂತೂ ಬೇಡವೇ ಬೇಡ, ಪೆಟ್ಟಿಗೆಯ ಕೀಲಿಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತಾದೀತು. ಕೆಲವು ಹೊಸ ಯಂತ್ರಗಳಲ್ಲಿ ಈ ಬೀಗವು ಒಡೆಯನಿಗೆ ತಿಳಿಯದಂತೆ ತಾನಾಗಿಯೇ ಬಿದ್ದಿರುವುದುಂಟು. ಆದುದರಿಂದ ನಿಮ್ಮ ಯಂತ್ರದ ಸ್ಥಿತಿಯನ್ನು ಇಂದೇ ನೋಡಿಕೊಳ್ಳಿರಿ.

ಬೀಗದ ಮಿತಿ

ಈ ಬೀಗವು ಯಂತ್ರವು ಪೂರ್ಣವಾಗಿ ಆರಿದ್ದಾಗ ಮಾತ್ರ ಗಟ್ಟಿ. ನಡೆಯುತ್ತಿರುವಾಗ ಕೀಲಿಕೈ ಮೆಮೊರಿಯಲ್ಲಿರುವುದು. ವಿದ್ಯುತ್ತು ನಿಂತ ಕೂಡಲೆ ಮೆಮೊರಿ ಬರಿದಾಗುವುದಿಲ್ಲವೆಂದೂ, ಅದನ್ನು ತಣ್ಣಗೆ ಮಾಡಿದರೆ ಕೀಲಿಕೈಯನ್ನು ಕೆಲವು ನಿಮಿಷಗಳ ಬಳಿಕವೂ ಓದಬಹುದೆಂದೂ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ತೋರಿಸಿದರು. ಪ್ರಯಾಣಕ್ಕೆ ಹೊರಡುವಾಗ ಮುಚ್ಚಳವನ್ನಷ್ಟೇ ಮುಚ್ಚದೆ ಯಂತ್ರವನ್ನು ಆರಿಸಿಯೇ ಹೊರಡುವುದು ಒಳಿತು. ತೆರೆದ ಯಂತ್ರಕ್ಕೆ ನುಸುಳುವ ದುಷ್ಟ ತಂತ್ರಾಂಶವನ್ನೂ ಇದು ತಡೆಯಲಾರದು.

ಗಣಿತಕ್ಕೆ ಪಕ್ಷಪಾತವಿಲ್ಲ. ಕೀಲಿಕೈ ಇಲ್ಲದ ಕಳ್ಳನನ್ನು ಅದು ಎಷ್ಟು ಕಟ್ಟುನಿಟ್ಟಾಗಿ ಹೊರಗೆ ನಿಲ್ಲಿಸುವುದೋ, ಕೀಲಿಕೈಯನ್ನು ಕಳೆದುಕೊಂಡ ಒಡೆಯನನ್ನೂ ಅಷ್ಟೇ ಕಟ್ಟುನಿಟ್ಟಾಗಿ ನಿಲ್ಲಿಸುವುದು. ಆದುದರಿಂದ ಬೀಗ ಹಾಕುವ ಮುನ್ನ ಬೀರುವಿನಲ್ಲಿ ಆ ಕಾಗದಕ್ಕೊಂದು ಜಾಗವನ್ನು ಮಾಡಿರೋಣ.