ನಿಮಗಿದು ಗೊತ್ತೆ? ತಂತಿಗಿಂತ ಮೊದಲೇ ಬಂದ ಸುದ್ದಿ

1922ರ ಸೆಪ್ಟೆಂಬರ್. ತುರ್ಕಿಯ ಚಾನಕ್‌ನಲ್ಲಿ ಯುದ್ಧದ ಕಾರ್ಮೋಡ. ಸೈನ್ಯ ಕಳಿಸುವಿರಾ ಎಂದು ಕೇಳಿ ಬ್ರಿಟನ್ನಿನ ವಸಾಹತು ಸಚಿವ ವಿನ್‌ಸ್ಟನ್ ಚರ್ಚಿಲ್ ಸಾಮ್ರಾಜ್ಯದ ಸ್ವಯಮಾಡಳಿತ ದೇಶಗಳಾದ ಡೊಮಿನಿಯನ್‌ಗಳಿಗೆ ಗುಪ್ತಲಿಪಿಯ ತಂತಿ ಕಳಿಸಿದರು. ಕೆನಡಾದಲ್ಲಿ ಅಂಥ ತಂತಿ ಗವರ್ನರ್ ಜನರಲ್ ಮೂಲಕವೇ ಹೋಗಬೇಕಿತ್ತು. ಲಿಪಿ ಬಿಡಿಸಿದ ಮೇಲಷ್ಟೇ ಪ್ರಧಾನಿಗೆ. ಅಷ್ಟರಲ್ಲಿ ಲಂಡನ್ ಪತ್ರಿಕೆಗಳಿಗೂ ಹೇಳಿಕೆ ಕೊಟ್ಟುಬಿಟ್ಟಿತ್ತು! ತಮ್ಮ ದೇಶವನ್ನು ಯುದ್ಧಕ್ಕೆ ಕರೆದಿದ್ದಾರೆಂದು ಪ್ರಧಾನಿ ಮೆಕೆಂಜಿ ಕಿಂಗ್‌ಗೆ ತಿಳಿದದ್ದು ಪತ್ರಕರ್ತನೊಬ್ಬನಿಂದ. ಆಸ್ಟ್ರೇಲಿಯಾದ ಪ್ರಧಾನಿ ಬಿಲ್ಲಿ ಹ್ಯೂಸ್‌ಗೂ ಮೊದಲು ಸುದ್ದಿ ಮುಟ್ಟಿಸಿದ್ದು ಪತ್ರಿಕೆಗಳೇ. ಸೈನ್ಯದ ವಿಚಾರವನ್ನು ನಮ್ಮ ಸಂಸತ್ತು ತೀರ್ಮಾನಿಸಬೇಕು ಎಂದು ಕಿಂಗ್ ಪಟ್ಟುಹಿಡಿದದ್ದು ನ್ಯಾಯವಾಗಿಯೇ ಇತ್ತು. 1926ರ ಸಾಮ್ರಾಜ್ಯ ಸಮ್ಮೇಳನ ಗವರ್ನರ್ ಜನರಲ್ ಮೂಲಕದ ಈ ಬಳಸುದಾರಿ ಕೈಬಿಡಲು ಒಪ್ಪಿತು. 1927ರ ಜುಲೈ 1ರಿಂದ ಲಂಡನ್ ಮತ್ತು ಒಟ್ಟಾವಾ ಸರ್ಕಾರಗಳ ನಡುವೆ ನೇರ ಪತ್ರವ್ಯವಹಾರ ಶುರುವಾಯಿತು.