ಒದಗಿ ಬರುವ ಮಾತು

ನುಡಿಗಟ್ಟಿನ ಸ್ವಭಾವವೇ ವಿಚಿತ್ರ. ಅದರ ಪದಗಳ ಅರ್ಥವನ್ನು ಬಿಡಿಬಿಡಿಯಾಗಿ ಕೂಡಿಸಿದರೆ ಇಡಿಯ ಅರ್ಥ ಕೈಗೆ ಸಿಕ್ಕುವುದಿಲ್ಲ. ‘ಹಳೆಯ ಹಗ್ಗ ಕೆಲಸಕ್ಕೆ ಬಂತು’ ಎನ್ನುತ್ತೇವೆ. ಹಗ್ಗವೇನೂ ನಡೆದು ಬರಲಿಲ್ಲ. ಉಪಯೋಗವಾಯಿತು ಎಂದಷ್ಟೇ ತಾತ್ಪರ್ಯ. ಅದನ್ನೇ ‘ಕೆಲಸ ಬಂತು’ ಎಂದರೆ ಮಾತು ಬೇರೆಯೇ ಆಯಿತು. ಒಂದು ವಿಭಕ್ತಿ ಪ್ರತ್ಯಯದಿಂದ ಇಷ್ಟು ಅಂತರ! ಇಂಗ್ಲಿಷಿನಲ್ಲಿ ಈ ಹೊಣೆಯನ್ನು ‘ಇನ್’, ‘ಆಫ್’ ಮೊದಲಾದ ಕಿರುಪದಗಳು ಹೊರುತ್ತವೆ.

ನಮ್ಮ ‘ಒದಗಿ ಬಂತು’ ಎಂಬುದಕ್ಕೆ ಬಹು ಸಮೀಪವಾದದ್ದು ‘ಕಮ್ ಇನ್ ಹ್ಯಾಂಡಿ’. ಅಲ್ಲಿಯೂ ಕ್ರಿಯಾಪದ ‘ಬರು’ ಎಂಬುದೇ. ನಮ್ಮ ದೇಶದಲ್ಲಿ ಅನೇಕರು ನಡುವಣ ‘ಇನ್’ ಅನ್ನು ಬಿಟ್ಟು ‘ಕಮ್ ಹ್ಯಾಂಡಿ’ ಎನ್ನುವರು. ಇಂಗ್ಲೆಂಡಿನ ರೂಢಿಗೆ ಆ ‘ಇನ್’ ಬೇಕು. ‘ಎ ಟಾರ್ಚ್ ವಿಲ್ ಕಮ್ ಇನ್ ಹ್ಯಾಂಡಿ’ ಎಂದರೆ, ಸಮಯ ಬಿದ್ದಾಗ ಬ್ಯಾಟರಿ ದೀಪ ಒದಗೀತು ಎಂದು ಭಾವ. ‘ಕೀಪ್ ಇಟ್ ಹ್ಯಾಂಡಿ’ ಎಂದರಾದರೋ ಕೈಗೆಟುಕುವಲ್ಲಿ ಇಟ್ಟುಕೊ ಎಂದು.

ಇನ್ನು ‘ಯೂಸ್’ ಎಂಬ ಪದ. ನಾಮಪದವಾದಾಗ ಅದರ ಕೊನೆಯಲ್ಲಿ ಸಕಾರದ ಉಚ್ಚಾರಣೆ. ಕ್ರಿಯಾಪದವಾದಾಗ ‘ಯೂಜ್’ ಎಂಬಂತೆ ಘೋಷಧ್ವನಿ. ಬರಹ ಮಾತ್ರ ಒಂದೇ. ‘ಹೋಗಿ ಪ್ರಯೋಜನವಿಲ್ಲ’ ಎನ್ನಲು ‘ಇಟ್ ಈಸ್ ನೋ ಯೂಸ್ ಗೋಯಿಂಗ್’ ಎನ್ನಬೇಕು. ‘ಟು ಗೋ’ ಎಂದರೆ ರೂಢಿಗೆ ಒಗ್ಗದು. ‘ಹೋಗಿ ಏನು ಪ್ರಯೋಜನ?’ ಎಂದು ಕೇಳುವಾಗ ‘ವಾಟ್ ಈಸ್ ದ ಯೂಸ್ ಆಫ್ ಗೋಯಿಂಗ್?’ ಎನ್ನುವುದು ಸರಿ. ಅಲ್ಲಿ ‘ಆಫ್’ ಒಂದು ಬಂದು ಸೇರುತ್ತದೆ.

ಮಾತು ವಸ್ತುವನ್ನು ಬಿಟ್ಟು ಮನುಷ್ಯನತ್ತ ತಿರುಗಿದಾಗ ಎಚ್ಚರ ಹೆಚ್ಚು ಬೇಕು. ಉಪಕಾರ ಮಾಡಿದ ಗುರುಗಳಿಗೆ ಕೃತಜ್ಞತೆಯ ಪತ್ರ ಬರೆಯುವ ಶಿಷ್ಯನು, ‘ಐ ಯೂಸ್ಡ್ ಯು’ ಎಂದು ಬರೆದನೆನ್ನಿ. ನಿಮ್ಮನ್ನು ನನ್ನ ಸ್ವಾರ್ಥಕ್ಕೆ ಬಳಸಿಕೊಂಡೆ ಎಂದು ಹೇಳಿದಂತಾಯಿತು! ‘ಯುವರ್ ಅಡ್ವೈಸ್ ವಾಸ್ ಆಫ್ ಗ್ರೇಟ್ ಹೆಲ್ಪ್ ಟು ಮಿ’ ಎಂದರೆ ಸಲಹೆಯ ಹಿರಿಮೆಯೂ ಉಳಿಯಿತು, ಗುರುವಿನ ಗೌರವವೂ ಉಳಿಯಿತು. ಕನ್ನಡದ ವಿವೇಕವೂ ಇದೇ ಅಲ್ಲವೆ? ‘ಅವರು ನನಗೆ ಒದಗಿದರು’ ಎಂದರೆ ಋಣದ ಸ್ಮರಣೆ. ‘ಅವರನ್ನು ಉಪಯೋಗಿಸಿಕೊಂಡೆ’ ಎಂದರೆ ಲೆಕ್ಕಾಚಾರ.

ಆದುದರಿಂದ ಪರಭಾಷೆಯ ನುಡಿಗಟ್ಟನ್ನು ಕಲಿಯುವಾಗ ನಿಘಂಟಿನ ಅರ್ಥವೊಂದೇ ಸಾಲದು. ಅದರ ಕಿರುಪದಗಳನ್ನು ಬಿಡದೆ, ಇಡಿಯ ವಾಕ್ಯದಲ್ಲಿಯೇ ಕಲಿಯುವುದು ಲೇಸು. ಯಾರಿಗೆ, ಯಾವ ಸಂದರ್ಭದಲ್ಲಿ ಆಡುವ ಮಾತು ಎಂಬುದನ್ನೂ ಜೊತೆಗೆ ಅರಿತಿದ್ದರೆ, ಆ ಮಾತು ಸಮಯಕ್ಕೆ ಒದಗಿ ಬರುತ್ತದೆ.